ಮನೆಗೂ ಬೇಕು ಒಂದು ಅಕ್ಕಡಿ ಸಾಲು



ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಏಕೆ ಬಿಡಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಲವು ಸಾಲು ರಾಗಿ, ನಡುವೆ ಒಂದು ಸಾಲು ಅವರೆ, ತೊಗರಿ ಇಲ್ಲವೇ ಹುಚ್ಚೆಳ್ಳು. ಆ ಒಂದು ಸಾಲಿಗೂ ರಾಗಿಯನ್ನೇ ಹಾಕಿದ್ದರೆ ನಾಲ್ಕು ಸೇರು ಹೆಚ್ಚು ಸಿಗುತ್ತಿತ್ತಲ್ಲ ಎಂದು ಲೆಕ್ಕ ಹಾಕುವವನು ಹೊಲ ಬಲ್ಲವನಲ್ಲ. ಮಳೆ ಕೈಕೊಟ್ಟು ರಾಗಿ ಬಾಡಿದ ವರ್ಷ ಸಾರಿಗೆ ಕಾಳು ಕೊಡುವುದು ಆ ಸಾಲೇ. ಅವರೆ, ತೊಗರಿಯ ಬೇರಿನ ಗಂಟುಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಅದರ ಲಾಭ ಮುಂದಿನ ಬೆಳೆಗೂ ಮುಟ್ಟುತ್ತದೆ. ಹಿರಿಯರು ಸಾರಜನಕದ ಹೆಸರು ಕೇಳಿರಲಿಲ್ಲ. ಆದರೆ ಸಾಲು ಬಿಡುವುದನ್ನು ಮರೆಯಲಿಲ್ಲ.

ಹೊಲದಲ್ಲಿ ಇಷ್ಟು ತಿಳಿವಳಿಕೆ ತೋರುವ ನಾವು ಮನೆಯೊಳಗೆ ಮಾತ್ರ ಒಂದೇ ಬೆಳೆ ಬೆಳೆಯುತ್ತಿದ್ದೇವೆ. ಬೆಳಗಾದರೆ ಕೆಲಸ, ಕತ್ತಲಾದರೆ ಖರ್ಚಿನ ಮಾತು. ಸೊಸೈಟಿಯ ಕಂತು, ಬೋರ್‌ವೆಲ್ಲಿನ ನೀರು, ಮಕ್ಕಳ ಫೀಸು, ಪೇಟೆಯ ಧಾರಣೆ. ಇವು ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿಯುತ್ತಾರೆ. ಊಟಕ್ಕೆ ಕುಳಿತಾಗಲೂ ಮಾತು ಹಣದ್ದೇ. ಇಂಥ ಮನೆ ಮಳೆ ಬಂದ ವರ್ಷ ಹೇಗೋ ನಡೆಯುತ್ತದೆ. ಮಳೆ ಹೋದ ವರ್ಷ ಅದನ್ನು ಹಿಡಿದು ನಿಲ್ಲಿಸಲು ಒಳಗೆ ಬೇರೆ ಸಾಲೇ ಇರುವುದಿಲ್ಲ.

ಹೊಲಕ್ಕೆ ಅಕ್ಕಡಿ ಹೇಗೋ, ಮನೆಗೆ ಕೈಯಾರೆ ಮಾಡಿ ಸಂತೋಷಪಡುವ ಒಂದು ಸಣ್ಣ ಕೆಲಸ ಹಾಗೆ ಎಂಬುದು ನನ್ನ ಅಭಿಪ್ರಾಯ. ರಂಗೋಲಿ, ಕೌದಿ, ಮಣ್ಣಿನ ಎತ್ತು, ಬುಟ್ಟಿಯ ಮೇಲಿನ ಚಿತ್ತಾರ, ಹಾಡು, ಭಜನೆ, ಪುರಾಣ ಓದುವುದು, ಇವುಗಳಲ್ಲಿ ಯಾವುದಾದರೂ ಆಗಲಿ. 'ಇದು ಹೆಂಗಸರು ಮಕ್ಕಳ ವಿಷಯ' ಎಂದು ಪುಟ ತಿರುವಬೇಡಿ. ಈ ಲೇಖನ ಮುಖ್ಯವಾಗಿ ಗಂಡಸರಿಗಾಗಿಯೇ ಬರೆದದ್ದು. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ಕೆಲಸದ ಒಳಗೇ ಇದ್ದ ಸಂತೋಷ

ನಮ್ಮ ಹಿರಿಯರು ಕೆಲಸಕ್ಕೊಂದು ಹೊತ್ತು, ಸಂತೋಷಕ್ಕೊಂದು ಹೊತ್ತು ಎಂದು ಬೇರೆ ಮಾಡಿರಲಿಲ್ಲ. ಮಲೆನಾಡಿನ ಭೂಮಿ ಹುಣ್ಣಿಮೆಯನ್ನು ನೋಡಿ. ಆಶ್ವೀಜ ಮಾಸದ ಹುಣ್ಣಿಮೆ, ಉತ್ತರ ಕರ್ನಾಟಕದವರು ಸೀಗಿ ಹುಣ್ಣಿಮೆ ಎನ್ನುವುದೂ ಇದನ್ನೇ. ಬತ್ತ ಹೊಡೆ ತುಂಬುವ ಕಾಲ. ಭೂಮಿತಾಯಿ ಬಸುರಿ, ಆಕೆಗೆ ಬಯಕೆಯ ಊಟ ಹಾಕಬೇಕು ಎಂಬ ಭಾವನೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಂಗಸರು ಹಬ್ಬಕ್ಕೆ ಕೆಲವು ದಿನ ಮೊದಲೇ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸುತ್ತಾರೆ. ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿ ಹಿಟ್ಟಿನಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗಲೂ ಬಣ್ಣಗಳು ಮನೆಯಂಗಳದವೇ. ಅಕ್ಕಿಯಿಂದ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಕಾಯಿಯಿಂದ ಹಳದಿ.

ಹುಣ್ಣಿಮೆಯ ಹಿಂದಿನ ರಾತ್ರಿ ಅಡುಗೆಯಾಗುತ್ತದೆ. ಬಗೆಬಗೆಯ ಸೊಪ್ಪು ಸೇರಿಸಿ ಬೇಯಿಸಿದ ಹಚ್ಚಂಬಲಿ ಆ ಬುಟ್ಟಿ ಸೇರುತ್ತದೆ. ನಸುಕಿನಲ್ಲಿ ಗದ್ದೆಗೆ ಒಯ್ದು ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಯಲ್ಲಿ ಪೂಜೆ ಮಾಡಿ ಅಲ್ಲಿಯೇ ಕುಳಿತು ಉಣ್ಣುತ್ತಾರೆ.

ಇಲ್ಲಿ ಒಂದು ಮಾತು ಕೇಳಿಕೊಳ್ಳಿ. ಚಿತ್ತಾರವಿಲ್ಲದ ಬುಟ್ಟಿಯಲ್ಲಿ ಹಚ್ಚಂಬಲಿ ಹಿಡಿಸುವುದಿಲ್ಲವೇ? ಹಿಡಿಸುತ್ತದೆ. ಹಾಗಾದರೆ ಸುಗ್ಗಿಗೆ ಮುಂಚಿನ ಗಡಿಬಿಡಿಯಲ್ಲಿ ಒಬ್ಬ ಹೆಂಗಸು ಅಷ್ಟು ದಿನ ಕಣ್ಣು ಕೀಲಿಸಿ ಎಳೆ ಎಳೆಯುವುದು ಏಕೆ? ಆ ಎಳೆ ಯಾವ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಆದರೆ ಆ ಬುಟ್ಟಿ ಹೊತ್ತು ಗದ್ದೆಗೆ ಹೋಗುವವನಿಗೆ ತಾನು ಕೂಲಿಗೆ ಹೋಗುತ್ತಿಲ್ಲ, ಸಂಬಂಧಿಕರ ಮನೆಗೆ ಹೋಗುತ್ತಿದ್ದೇನೆ ಎನಿಸುತ್ತದೆ. ವರ್ಷದ ಉಳಿದೆಲ್ಲ ದಿನ ದುಡಿಸುವ ಗದ್ದೆ ಆ ಒಂದು ದಿನ ಉಣ್ಣಲು ಕರೆಯುತ್ತದೆ.

ಬಯಲು ಸೀಮೆಯಲ್ಲಿ ಇದೇ ಕೆಲಸವನ್ನು ಮಣ್ಣು ಮಾಡುತ್ತದೆ. ಜ್ಯೇಷ್ಠ ಮಾಸದ ಹುಣ್ಣಿಮೆ ಕಾರ ಹುಣ್ಣಿಮೆ. ಅಂದು ನಿಜವಾದ ಎತ್ತುಗಳಿಗೆ ಸಿಂಗಾರ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನ ಎತ್ತುಗಳಿಗೆ ಪೂಜೆ. ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಆತನ ಹಿಂದೆಯೇ ಜೋಕುಮಾರ. ಮುಂಗಾರು ಬಿತ್ತಿದಂದಿನಿಂದ ಬೆಳೆ ಕೈಗೆ ಬರುವ ತನಕ ತಿಂಗಳಿಗೊಂದು ಸಲ ಕೈಗೆ ಮಣ್ಣು ಹತ್ತಬೇಕು ಎಂದು ಕಟ್ಟಿದ ವ್ಯವಸ್ಥೆಯಂತೆ ಕಾಣುತ್ತದೆ ಇದು. ಎತ್ತಿನ ಜೋಡಿಯ ಮುಂದೆ ಪುಟ್ಟ ಗೋದಲಿಯನ್ನೂ ಮಾಡಿ ಇಡುವ ವಾಡಿಕೆ ಇದೆ. ಮಣ್ಣಿನ ಎತ್ತಿಗೂ ಮೇವಿನ ಚಿಂತೆ ಮಾಡಿದ ಜನ ನಮ್ಮವರು!

ಇನ್ನು ಕೌದಿ. ಹರಿದ ಸೀರೆ, ಹಳೆಯ ಧೋತರ, ಮಕ್ಕಳ ಅಂಗಿಯ ತುಂಡು. ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ದಪ್ಪ ದಾರದಲ್ಲಿ ಸಾಲು ಸಾಲು ಹೊಲಿಗೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ಪುಟ್ಟ ತ್ರಿಕೋನಗಳಿರುತ್ತವೆ. ಅವಕ್ಕೆ ಅವರು 'ಫೂಲ', ಅಂದರೆ ಹೂವು ಎನ್ನುತ್ತಾರೆ. ಆ ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ಹೊದ್ದವನಿಗೆ ಫೂಲದಿಂದ ಒಂದು ಎಳೆಯಷ್ಟೂ ಬೆಚ್ಚಗಾಗುವುದಿಲ್ಲ. ಆದರೂ ಅದಿಲ್ಲದೆ ಕೌದಿ ಮುಗಿಯಲಿಲ್ಲ. ಕಡು ಬಡತನದ ನಡುವೆಯೂ ಆ ಹೂವನ್ನು ಬಿಡದವರಿಂದ ನಾವು ಕಲಿಯುವುದು ಬಹಳ ಇದೆ.

ಬೀಸುಕಲ್ಲು ಹೋಯಿತು, ಹಾಡೂ ಹೋಯಿತು

ಬೆಳಗಿನ ಜಾವಕ್ಕೆ ಎದ್ದು ಬೀಸುಕಲ್ಲಿನ ಮುಂದೆ ಕುಳಿತ ನಮ್ಮ ಅಜ್ಜಿಯಂದಿರು ಹಾಡಿದ ತ್ರಿಪದಿಗಳಿಗೆ ಲೆಕ್ಕವಿಲ್ಲ. ತವರು, ಅಣ್ಣ, ತೊಟ್ಟಿಲ ಕೂಸು, ಮಳೆ, ಎತ್ತು, ಅತ್ತೆಯ ಕಾಟ, ಎಲ್ಲವೂ ಆ ಮೂರು ಸಾಲುಗಳಲ್ಲಿ ಬಂದವು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ತಂದರು. ಓದು ಬರಹ ಅರಿಯದ ಹೆಂಗಸರು ಹಿಟ್ಟು ಬೀಸುತ್ತ ಕಟ್ಟಿದ್ದನ್ನು ಅಂದಿನಿಂದ ಪಂಡಿತರು ಓದುತ್ತಿದ್ದಾರೆ.

ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು, ಮನೆಗೆ ಮಿಕ್ಸಿ ಬಂತು. ಬಂದದ್ದು ಒಳ್ಳೆಯದೇ ಆಯಿತು. ಬೀಸುಕಲ್ಲು ಮತ್ತೆ ಬರಲಿ ಎಂದು ಹಂಬಲಿಸುವವರು ಒಂದು ವಾರ ತಾವೇ ಬೀಸಿ ನೋಡಲಿ. ರಟ್ಟೆ ಬಿದ್ದುಹೋಗುವ ಆ ದುಡಿತದಲ್ಲಿ ಹೆಂಗಸರು ಹಾಡಿದ್ದು ದಣಿವು ಮರೆಯುವುದಕ್ಕೆ. ಹಾಡಿಗಾಗಿ ದಣಿವನ್ನು ಮರಳಿ ತರುವುದು ಮೂರ್ಖತನ.

ಆದರೆ ಗಿರಣಿಯಿಂದ ಉಳಿದ ಆ ಎರಡು ಗಂಟೆ ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ನಮಗಿದೆ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದಾದ್ಯಂತ ಸಮೀಕ್ಷೆ ಮಾಡಿತು. ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ, ಅಂದರೆ ಹೆಚ್ಚು ಕಡಮೆ ಐದು ಗಂಟೆ. ಮನೆಗೆಲಸ ಮಾಡುವ ಗಂಡಸು ಕೊಡುವುದು 97 ನಿಮಿಷ. ಅದೂ ಎಲ್ಲ ಗಂಡಸರಲ್ಲ. ಮನೆಗೆಲಸಕ್ಕೆ ಕೈ ಹಾಕಿದ ಗಂಡಸರು ನೂರಕ್ಕೆ 26 ಮಂದಿ. ಹೆಂಗಸರು 81 ಮಂದಿ. 2024ರಲ್ಲಿ ಮತ್ತೆ ಸಮೀಕ್ಷೆ ಮಾಡಿದಾಗ ಹೆಂಗಸರ ಲೆಕ್ಕ 289 ನಿಮಿಷಕ್ಕೆ ಇಳಿದಿತ್ತು. ಐದು ವರ್ಷದಲ್ಲಿ ಹತ್ತು ನಿಮಿಷ! ಗಂಡಸರದು ಹೆಚ್ಚಾಗುವುದಿರಲಿ, 88ಕ್ಕೆ ಇಳಿದಿತ್ತು.

ಇದರಲ್ಲಿ ಹೊಲದ ದುಡಿಮೆ ಸೇರಿಲ್ಲ. ಕಳೆ ಕೀಳುವುದು, ನಾಟಿ, ಕೊಯ್ಲು ಇವೆಲ್ಲ ಬೇರೆ. ಆದುದರಿಂದ 'ನಮ್ಮ ಮನೆಯಲ್ಲಿ ಈಗ ರಂಗೋಲಿಯೂ ಇಲ್ಲ, ಹಾಡೂ ಇಲ್ಲ, ಹೆಂಗಸರು ಟಿ.ವಿ. ಮುಂದೆ ಕೂತಿರುತ್ತಾರೆ' ಎಂದು ದೂರುವ ಮೊದಲು ಆ ಐದು ಗಂಟೆಯನ್ನು ನೆನೆಯಿರಿ. ಮೈ ಸೋತವರಿಗೆ ಕುಳಿತು ನೋಡುವುದೇ ಸುಲಭ. ಅವರನ್ನು ದೂರಿ ಫಲವಿಲ್ಲ.

ಗಂಡಸರ ಸಂಜೆಯೂ ಅಷ್ಟೇ ಬರಿದಾಗಿದೆ. ಹಿಂದೆ ಭಜನೆ ಮನೆ, ಕೋಲಾಟ, ದೊಡ್ಡಾಟದ ಅಭ್ಯಾಸ, ಮಳೆಗಾಲದಲ್ಲಿ ಜಗಲಿಯ ಮೇಲೆ ಭಾರತ ಓದಿಸುವುದು ಎಂದೆಲ್ಲ ಇತ್ತು. ಈಗ ಸರ್ಕಲ್ಲಿನ ಹೋಟೆಲು, ಕೈಯಲ್ಲಿ ಮೊಬೈಲು. ಕೆಲವರಿಗೆ ಅಲ್ಲಿಂದ ಮುಂದಿನ ಅಂಗಡಿ. ಆ ಅಂಗಡಿಯಲ್ಲಿ ಖರ್ಚಾಗುವ ಹಣದ ಲೆಕ್ಕ ನಿಮ್ಮ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕೈ ಕೆಲಸದಲ್ಲಿದ್ದಾಗ ಬಾಯಿ ಬಿಚ್ಚುತ್ತದೆ

'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ?' ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬುಟ್ಟಿಗೆ ಚಿತ್ತಾರ ಬರೆದರೆ ಬ್ಯಾಂಕಿನ ಸಾಲ ತೀರುವುದಿಲ್ಲ. ಕೌದಿ ಹೊಲಿದರೆ ಈರುಳ್ಳಿಯ ಧಾರಣೆ ಏರುವುದಿಲ್ಲ. ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಬೇರೊಂದು ಮಾತಿದೆ. ಸಾಲ ಮಾಡಿದವನು ಅದನ್ನು ಮೊದಲು ಮುಚ್ಚಿಡುವುದು ಮನೆಯವರಿಂದ. ಹೆಂಡತಿಗೆ ಒಂದು ಲೆಕ್ಕ, ತಂದೆಗೆ ಇನ್ನೊಂದು ಲೆಕ್ಕ. ಒಂದು ದಿನ ಎಲ್ಲವೂ ಒಟ್ಟಿಗೆ ಹೊರಬಿದ್ದಾಗ ಮನೆ ಕುಸಿಯುತ್ತದೆ. ಅಷ್ಟು ದಿನ ಒಬ್ಬನೇ ಹೊತ್ತದ್ದರಿಂದ ಅವನ ಮನಸ್ಸು ಅದಕ್ಕೂ ಮೊದಲೇ ಕುಸಿದಿರುತ್ತದೆ. ಹಳ್ಳಿಯಲ್ಲಿ ನಾವು ಕಂಡ ಹಲವು ದುರಂತಗಳ ಮೂಲದಲ್ಲಿ ಸಾಲದ ಜೊತೆಗೆ ಈ ಮೌನವೂ ಇದೆ.

ಈ ಮೌನವನ್ನು ಒಡೆಯುವುದು ಹೇಗೆ? 'ಬಾ, ಕೂತು ಮಾತಾಡೋಣ' ಎಂದರೆ ಯಾವ ಗಂಡಸೂ ಬಾಯಿ ಬಿಡುವುದಿಲ್ಲ. ಎದುರುಬದುರು ಕುಳಿತರೆ ಮಾತು ಜಗಳವಾಗುತ್ತದೆ. ಆದರೆ ನಾಲ್ಕು ಜನ ಒಂದೇ ಕೌದಿಯ ಸುತ್ತ ಕುಳಿತು, ಒಬ್ಬರು ಸೂಜಿಗೆ ದಾರ ಪೋಣಿಸಿ, ಒಬ್ಬರು ತುಂಡು ಕತ್ತರಿಸಿ, ಒಬ್ಬರು ಅಂಚು ಹಿಡಿದಿದ್ದಾಗ ಕಣ್ಣು ಬಟ್ಟೆಯ ಮೇಲಿರುತ್ತದೆ. ಮಾತು ತಾನಾಗಿ ಬರುತ್ತದೆ. 'ಈ ತುಂಡು ನಿನ್ನ ಮದುವೆಯ ಸೀರೆಯದಲ್ಲವೇ?' ಎಂದು ಶುರುವಾದದ್ದು ಎಲ್ಲೆಲ್ಲೋ ಹೋಗಿ, ಕೊನೆಗೆ 'ಗೊಬ್ಬರದ ಅಂಗಡಿಯವನಿಗೆ ಇನ್ನೂ ಕೊಡಬೇಕು' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಮಾತು ಹೊರಬಿದ್ದರೆ ಅರ್ಧ ಭಾರ ಇಳಿದಂತೆ. ಉಳಿದರ್ಧಕ್ಕೆ ಮನೆಮಂದಿ ಕೂಡಿ ದಾರಿ ಹುಡುಕಬಹುದು.

ವಯಸ್ಸಿಗೆ ಬಂದ ಮಗನ ವಿಷಯವೂ ಹೀಗೆಯೇ. ತಂದೆಗೂ ಮಗನಿಗೂ 'ಬೆಂಗಳೂರಿಗೆ ಹೋಗುತ್ತೀಯೋ, ಇಲ್ಲೇ ಇರುತ್ತೀಯೋ' ಎಂಬುದರ ಹೊರತು ಬೇರೆ ಮಾತೇ ಇಲ್ಲದ ಮನೆಗಳು ಎಷ್ಟಿಲ್ಲ! ಇಬ್ಬರೂ ಸೇರಿ ಹಳೆಯ ಬಾಗಿಲಿಗೆ ಬಣ್ಣ ಹಚ್ಚಲಿ, ಹಗ್ಗ ಹೊಸೆಯಲಿ, ಎತ್ತಿನ ಹಣೆಪಟ್ಟಿ ಕಟ್ಟಲಿ. ಕೈ ಜೊತೆಗೂಡಿದ ಮೇಲೆ ಮಾತು ಜೊತೆಗೂಡಲು ಹೆಚ್ಚು ಹೊತ್ತು ಬೇಡ.

ಇಷ್ಟರಿಂದಲೂ ಮನಸ್ಸು ತಿಳಿಯಾಗದೆ, ನಿದ್ದೆ ಊಟ ಬಿಟ್ಟು ಕುಳಿತವರು ಮನೆಯಲ್ಲಿದ್ದರೆ ಅದು ಔಷಧೋಪಚಾರದ ವಿಷಯ. ಸರ್ಕಾರದ ಟೆಲಿ ಮನಸ್ ಸೇವೆ 2022ರಿಂದ ನಡೆಯುತ್ತಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಹಣ ಕೊಡಬೇಕಾಗಿಲ್ಲ. ಬೆಳೆಗೆ ರೋಗ ಬಂದಾಗ ಕೇಳುವಂತೆ ಇದಕ್ಕೂ ನಾಚದೆ ಕೇಳಬೇಕು.

ಮೂರು ಎಚ್ಚರಿಕೆಗಳು

ಅಕ್ಕಡಿ ಸಾಲನ್ನೂ ತಪ್ಪಾಗಿ ಬಿತ್ತಿದರೆ ಮುಖ್ಯ ಬೆಳೆಗೆ ನೆರಳಾಗುತ್ತದೆ. ಹಾಗೆಯೇ ಇಲ್ಲಿಯೂ ಮೂರು ಎಚ್ಚರಿಕೆ ಬೇಕು.

ಮೊದಲನೆಯದು, ಎಲ್ಲದಕ್ಕೂ ಬೆಲೆ ಕಟ್ಟಬೇಡಿ. ಕೃಷಿ ಪುಟಗಳು ಉಪಕಸುಬಿನ ಬಗ್ಗೆ ಆಗಾಗ ಬರೆಯುತ್ತಲೇ ಇರುತ್ತವೆ. ಹೈನು, ಜೇನು, ಕೋಳಿ, ಹಪ್ಪಳ, ಕಸೂತಿ, ಇವೆಲ್ಲ ಬೇಕು. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯಂಥ ಕೈಚಳಕಕ್ಕೆ ಒಳ್ಳೆಯ ಬೆಲೆ ಸಿಗಬೇಕಾದದ್ದೇ. ಆದರೆ ಹೆಂಡತಿ ಒಂದು ಚೆಂದದ ಕೌದಿ ಹೊಲಿದ ಕೂಡಲೇ 'ಇದನ್ನು ಮಾರಿದರೆ ಎಷ್ಟು ಬಂದೀತು?' ಎನ್ನಬೇಡಿ. ಮಾರಲು ಹೊಲಿದದ್ದಕ್ಕೆ ಗಿರಾಕಿಯ ಇಷ್ಟ, ಗಡುವು, ಅಳತೆ ಎಲ್ಲ ಬರುತ್ತವೆ. ಅದು ಮತ್ತೊಂದು ಕೆಲಸ. ಮನೆಯಲ್ಲಿ ಎರಡು ವಸ್ತು ಮಾರುವುದಕ್ಕಿರಲಿ, ಒಂದಾದರೂ ಮಾರದೆ ಇಟ್ಟುಕೊಳ್ಳುವುದಕ್ಕಿರಲಿ. ಬಿತ್ತನೆಯ ಬೀಜವನ್ನು ನಾವು ಮಾರುವುದಿಲ್ಲವಲ್ಲ!

ಎರಡನೆಯದು, ಇದಕ್ಕೆ ಹೊತ್ತು ಮಾಡಿಕೊಡಬೇಕಾದವರು ಗಂಡಸರು. ಮೊದಲೇ ಹೇಳಿದ ಐದು ಗಂಟೆಯ ಮೇಲೆ 'ಹಬ್ಬಕ್ಕೆ ಬುಟ್ಟಿಗೂ ಬಣ್ಣ ಬರೆ, ಗೊಂಬೆಯೂ ಮಾಡು, ಹತ್ತು ಬಗೆ ಅಡುಗೆಯೂ ಆಗಲಿ' ಎಂದರೆ ಅದು ಸಂತೋಷವಲ್ಲ, ಬಿಟ್ಟಿ ಚಾಕರಿ. ನಮ್ಮ ಹಬ್ಬಗಳು ಹೆಂಗಸರಿಗೆ ಭಾರವಾಗಿರುವುದು ಈ ಕಾರಣಕ್ಕೆ. ಸಂಜೆ ಹಟ್ಟಿಯ ಕೆಲಸ ಮುಗಿಸಿ ಬಂದ ಗಂಡಸು ನೀರು ತುಂಬಿಸಿ ಕೊಡಲಿ, ಪಾತ್ರೆ ತೊಳೆಯಲಿ, ಕೂಸನ್ನು ಎತ್ತಿಕೊಳ್ಳಲಿ. ಅರ್ಧ ಗಂಟೆ ಉಳಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಆಕೆ ಚಿತ್ತಾರವನ್ನೇ ಬರೆಯಬೇಕೆಂದಿಲ್ಲ. ಸುಮ್ಮನೆ ಕಟ್ಟೆಯ ಮೇಲೆ ಕುಳಿತರೂ ಅದು ಆಕೆಯ ಹಕ್ಕು. ಬಿಡುವು ಸಿಕ್ಕಿ ನಾಲ್ಕು ದಿನ ಕಳೆದರೆ ಕೈ ತಾನಾಗಿ ಏನನ್ನಾದರೂ ಹುಡುಕುತ್ತದೆ.

ಮೂರನೆಯದು, ಮಕ್ಕಳಿಗೆ ಇದನ್ನು ಪರೀಕ್ಷೆ ಮಾಡಬೇಡಿ. ಜೋಳದ ದಂಟಿನ ಬೆಂಡು, ದಂಟಿನ ಸಿಪ್ಪೆ ಕೊಟ್ಟರೆ ಹುಡುಗರು ಗಾಡಿ, ಕನ್ನಡಕ, ತಕ್ಕಡಿ ಎಲ್ಲವನ್ನೂ ಮಾಡುತ್ತಾರೆ. ಚಕ್ರ ಸೊಟ್ಟಗಾದರೆ ಸೊಟ್ಟಗೇ ಇರಲಿ. 'ಇಷ್ಟೂ ಬರುವುದಿಲ್ಲವೇ' ಎಂದು ಕಿತ್ತುಕೊಂಡು ನೀವು ಸರಿಮಾಡಿದರೆ ಗಾಡಿ ನಿಮ್ಮದಾಯಿತು, ಮಗುವಿನದಾಗಲಿಲ್ಲ. ಮರುದಿನ ಅದು ಮೊಬೈಲು ಕೇಳಿದರೆ ತಪ್ಪು ಯಾರದು?

ಯಾವ ಕಾಲಕ್ಕೆ ಏನು?

ಬೆಳೆಗೆ ಹಂಗಾಮು ಇರುವಂತೆ ಇದಕ್ಕೂ ಹಂಗಾಮು ಇದೆ. ಬಿತ್ತುವ, ಕೊಯ್ಯುವ ವಾರಗಳಲ್ಲಿ ಇದಾವುದೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕೆಲಸ ಸಡಿಲವಾಗುವ ಕಾಲ ನೋಡಿ ಹಿಡಿಯಬೇಕು.

ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಮುಂಗಾರಿನ ತನಕ ಮಳೆಯಾಶ್ರಿತ ಹೊಲದವರಿಗೆ ಬಿಡುವು ಇರುತ್ತದೆ. ಕೌದಿಗೆ ಇದು ತಕ್ಕ ಕಾಲ. ಬಿಸಿಲು ಚೆನ್ನಾಗಿರುವುದರಿಂದ ಹಳೆಯ ಬಟ್ಟೆ ಒಗೆದು ಒಣಗಿಸಲು ಅನುಕೂಲ. ಹತ್ತಿಯ ಬಟ್ಟೆಯನ್ನೇ ಆರಿಸಿ. ನೈಲಾನು, ಪಾಲಿಸ್ಟರು ಜಾರುತ್ತವೆ, ಬೆವರು ಹೀರುವುದಿಲ್ಲ. ಅಜ್ಜಿ ಇರುವ ಮನೆಯಾದರೆ ಆಕೆಯನ್ನೇ ಮೇಸ್ತ್ರಿ ಮಾಡಿ. ಕಣ್ಣು ಮಂಜಾಗಿ ಹೊಲಿಯಲಾಗದಿದ್ದರೂ ಯಾವ ತುಂಡು ಎಲ್ಲಿಗೆ ಎಂದು ಹೇಳುವುದು ಆಕೆಗೇ ಗೊತ್ತು. ಮನೆಯಲ್ಲಿ ಯಾರಿಗೂ ಬೇಡವಾದೆ ಎಂದು ಕೊರಗುವ ಮುದುಕಿಗೆ ಇದಕ್ಕಿಂತ ಮದ್ದು ಬೇರೆ ಇಲ್ಲ.

ಮೃಗಶಿರಾ, ಆರಿದ್ರಾ ಮಳೆಯ ದಿನಗಳಲ್ಲಿ ಮಣ್ಣಿನ ಎತ್ತು. ಕೆರೆಯ ಜೇಡಿಮಣ್ಣು ಇಲ್ಲವೇ ಎರೆಮಣ್ಣು ತಂದು, ಕಲ್ಲು ಬೇರು ಆರಿಸಿ, ನೀರು ಹಾಕಿ ರೊಟ್ಟಿಯ ಹಿಟ್ಟಿನಂತೆ ನಾದಿ. ಬಿರುಕು ಬಿಡದಿರಬೇಕಾದರೆ ನೆರಳಿನಲ್ಲಿ ಒಣಗಿಸಿ. ಕಣ್ಣಿಗೆ ಎರಡು ಕಾಳು ಒತ್ತಿದರೆ ಸಾಕು, ಎತ್ತು ನಿಮ್ಮನ್ನೇ ನೋಡುತ್ತದೆ. ಟ್ರ್ಯಾಕ್ಟರು ಬಂದು ಹಟ್ಟಿ ಖಾಲಿಯಾದ ಮನೆಗಳಲ್ಲಿ ಮಕ್ಕಳಿಗೆ ಎತ್ತಿನ ಹಿಣಿಲು, ಗಂಗೆದೊಗಲು ಯಾವುದೆಂದು ತೋರಿಸಲು ಉಳಿದಿರುವುದು ಈ ಒಂದು ಹಬ್ಬವೇ.

ಕರಾವಳಿ, ಮಲೆನಾಡಿನವರಿಗೆ ಮಳೆಗಾಲ ಮಾತಿನ ಕಾಲ. ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ತಾಳಮದ್ದಳೆ. ಅದಕ್ಕೆ ವೇಷ ಬೇಡ, ರಂಗಸ್ಥಳ ಬೇಡ. ಭಾಗವತರು ಪದ ಹೇಳಿದರೆ ಅರ್ಥಧಾರಿಗಳು ಕುಳಿತಲ್ಲಿಯೇ ಮಾತು ಕಟ್ಟುತ್ತಾರೆ. ಹಗಲು ಅಡಕೆಗೆ ಔಷಧ ಹೊಡೆದವನು ರಾತ್ರಿ ಕೃಷ್ಣನಾಗಿ ವಾದ ಹೂಡುವುದು ಅಲ್ಲಿ ಹೊಸದಲ್ಲ. ಮನೆಯ ಹುಡುಗ ಹುಡುಗಿಯರನ್ನೂ ಸಣ್ಣ ಪಾತ್ರಕ್ಕೆ ಕೂರಿಸಿ. ನಾಲ್ಕು ಜನರ ಮುಂದೆ ನಿಂತು ಮಾತನಾಡುವ ಧೈರ್ಯ ಅಲ್ಲಿ ಬಂದರೆ ನಾಳೆ ಗ್ರಾಮಸಭೆಯಲ್ಲೂ ಬರುತ್ತದೆ.

ಆಶ್ವೀಜದಲ್ಲಿ ಬುಟ್ಟಿ. ದೀವರಲ್ಲದವರು ದೀವರ ಚಿತ್ತಾರವನ್ನೇ ಬರೆಯಬೇಕೆಂದಿಲ್ಲ. ನಿಮ್ಮ ನಿಮ್ಮ ಸೀಮೆಯಲ್ಲಿ ಹೊಸ್ತಿಲಿಗೆ, ಕಣಜಕ್ಕೆ, ತುಳಸಿ ಕಟ್ಟೆಗೆ ಹಾಕುತ್ತಿದ್ದ ಎಳೆ ಯಾವುದು ಎಂದು ಊರಿನ ಹಿರಿಯ ಹೆಂಗಸರನ್ನು ಕೇಳಿ. ಬೆರಳು ಮರೆತಿರುವುದಿಲ್ಲ. ಮಾರ್ಗಶಿರದ ಎಳ್ಳಮಾವಾಸ್ಯೆಗೆ ಉತ್ತರ ಕರ್ನಾಟಕದವರು ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೀರಿ. ಸಜ್ಜೆ ರೊಟ್ಟಿ, ಕಡುಬು, ಎಣ್ಣೆಗಾಯಿ ಗಂಟು ಕಟ್ಟಿಕೊಂಡು ಹೋದವರು ಉಂಡ ಕೂಡಲೇ ಗಾಡಿ ಹತ್ತಬೇಡಿ. ಹೊಲದಲ್ಲಿ ಒಂದು ಹೊತ್ತು ಹಾಡಿಗೆ ಬಿಡಿ.

ರೇಡಿಯೋ ಇನ್ನೂ ಇರುವ ಮನೆಯವರಿಗೆ ಒಂದು ಮಾತು. ಟಿ.ವಿ., ಮೊಬೈಲು ಕಣ್ಣನ್ನೂ ಕೈಯನ್ನೂ ಕಟ್ಟಿಹಾಕುತ್ತವೆ. ರೇಡಿಯೋ ಕಿವಿಯನ್ನಷ್ಟೇ ಕೇಳುತ್ತದೆ. ಅದನ್ನು ಹಾಕಿಕೊಂಡು ಹೊಲಿಯಬಹುದು, ಹಗ್ಗ ಹೊಸೆಯಬಹುದು, ಅವರೆ ಸುಲಿಯಬಹುದು. ಮೊಬೈಲನ್ನೂ ಮುಖ ಕೆಳಗೆ ಮಾಡಿ ಇಟ್ಟು ಹಾಡು ಕೇಳಿದರೆ ಅದೂ ರೇಡಿಯೋ ಆದೀತು!

ಒಂದೇ ಸಾಲು ಸಾಕು

ಮೇಲೆ ಹೇಳಿದ್ದೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಹೊರಟರೆ ಯಾವುದೂ ಆಗುವುದಿಲ್ಲ. ಹೊಲದ ತುಂಬ ಅಕ್ಕಡಿಯನ್ನೇ ಬಿತ್ತಿದರೆ ರಾಗಿ ಎಲ್ಲಿ? ಒಂದು ಮನೆಗೆ ಒಂದು ಸಾಲು ಸಾಕು. ಸಮತೋಲ ಎಂದು ದೊಡ್ಡ ದೊಡ್ಡವರು ಭಾಷಣದಲ್ಲಿ ಹೇಳುವುದು ಇಷ್ಟನ್ನೇ: ದುಡಿಮೆಯ ಹತ್ತು ಸಾಲಿಗೆ ನಡುವೆ ಒಂದು ಬೇರೆ ಸಾಲು, ಅದನ್ನು ಮೇಯದಂತೆ ಕಾಯುವ ಎಚ್ಚರ.

ಹಳ್ಳಿಯ ವಾಚನಾಲಯಕ್ಕೆ ಬಂದು ಪತ್ರಿಕೆ ಓದುವವರಲ್ಲಿ ಇಂದಿಗೂ ಹೆಚ್ಚಿನವರು ಗಂಡಸರು. ನೀವು ಇಲ್ಲಿ ಬೆಂಚಿನ ಮೇಲೆ ಕುಳಿತು ಇದನ್ನು ಓದುತ್ತಿರುವ ಹೊತ್ತಿನಲ್ಲಿ ನಿಮ್ಮ ಮನೆಯ ಹೆಂಗಸರು ಒಲೆಯ ಮುಂದೆಯೋ ಹಟ್ಟಿಯಲ್ಲೋ ಇದ್ದಾರೆ. ಅವರಿಗೆ ಈ ಪುಟ ಸಿಗುವುದಿಲ್ಲ. ಆದುದರಿಂದ ಇದನ್ನು ಮುಟ್ಟಿಸುವ ಹೊಣೆ ನಿಮ್ಮದು. ಇಂದು ಮನೆಗೆ ಹೋದ ಮೇಲೆ ನಿಮ್ಮ ಹೆಂಡತಿಯನ್ನು ಕೇಳಿ, ತಾಯಿ ಇದ್ದರೆ ತಾಯಿಯನ್ನೂ ಕೇಳಿ: 'ತವರಿನಲ್ಲಿದ್ದಾಗ ನಿನಗೆ ಏನು ಮಾಡುವುದೆಂದರೆ ಇಷ್ಟವಿತ್ತು?' ಮೊದಲು ಅವರು ನಕ್ಕು, 'ಇದೇನು ಹೊಸದಾಗಿ' ಎನ್ನಬಹುದು. ಬಿಡದೆ ಎರಡನೆಯ ಸಲ ಕೇಳಿ. ಉತ್ತರ ಬಂದ ಮೇಲೆ ಭಾಷಣ ಮಾಡದೆ, ಆ ರಾತ್ರಿಯ ಊಟದ ಪಾತ್ರೆಗಳನ್ನು ನೀವೇ ತೊಳೆಯಲು ಎತ್ತಿಕೊಳ್ಳಿ.